ಹಲಗೆಯ ದಪ್ಪ

(ಹಾರ್ಬಿನ್, ೧೯೧೧ರ ಚಳಿಗಾಲ. ಹೇಳುವವನು ಮೌ, ಬಡಗಿ.)

ಮೊದಲು ಮೂರು ಬೆರಳು ದಪ್ಪ.
ಪೈನ್ ಮರ, ಸೈಬೀರಿಯದ್ದು, ರೈಲಿನಲ್ಲಿ ಬಂದದ್ದು,
ಉಳಿ ಮುಟ್ಟಿಸಿದರೆ ಅಂಟು ಒಸರುತ್ತಿತ್ತು.
ಆಮೇಲೆ ಎರಡು.
ಡಿಸೆಂಬರ್ ಮುಗಿಯುವಾಗ ಒಂದು,
ಬೆಳಕಿಗೆ ಹಿಡಿದರೆ ಗಂಟಿನ ಸುತ್ತ ಕೆಂಪಗೆ ಕಾಣುವಷ್ಟು.
ಯಾರೂ ಚೌಕಾಸಿ ಮಾಡಲಿಲ್ಲ.
ಇವತ್ತು ಕೊಂಡವನೇ ನಾಳೆ ಒಳಗೆ ಮಲಗುತ್ತಿದ್ದ,
ನನಗೆ ಬಾಕಿ ಉಳಿಸಿ.

ತರ್ಬಗಾನ್ ಎಂಬ ಬಿಲದ ಪ್ರಾಣಿ,
ಅದರ ತುಪ್ಪಟಕ್ಕೆ ಹೋದವರು ತಂದರು ಈ ಕೆಮ್ಮು, ಅಂದರು.
ಓಡದ ಪ್ರಾಣಿಯನ್ನು ಹಿಡಿಯಬಾರದು ಅಂತ
ಮಂಗೋಲರ ಮಕ್ಕಳಿಗೂ ಗೊತ್ತು.
ನಮ್ಮವರಿಗೆ ಓಡದ್ದೇ ಸಿಕ್ಕಿತು. ಸುಲಭವಾಯಿತು.

ಯೂ ಫೂಲಾಯ್ ಎಣ್ಣೆಗಿರಣಿಯವನು.
ನವೆಂಬರಿನಲ್ಲೇ ಬಂದು ಪೂರಾ ದುಡ್ಡು ಎಣಿಸಿದ,
ಇನ್ನೂ ಕೆಮ್ಮಿರಲಿಲ್ಲ ಅವನು.
ಮುಚ್ಚಳದ ಮೇಲೆ ವಿಳಾಸ ಬರೆಸಿದ:
ಲಾಯ್‌ಚೌ, ಉಪ್ಪುನೀರಿನ ಬಾವಿಯ ಬೀದಿ,
ಪಡುವಣ ತುದಿಗೆ ಬೋರೆಮರದ ಮನೆ.
"ಶಾಯಿ ದಪ್ಪ ಹಾಕು ಮಾವ,
ಹಡಗಿನಲ್ಲಿ ನೀರು ಬಿದ್ದರೂ ಅಳಿಸಬಾರದು."

ನಾವು ಮಣ್ಣು ಮಾಡುವ ಜನ.
ಎಲ್ಲಿ ಸತ್ತರೂ ಊರಿನ ಮಣ್ಣಿಗೇ,
ಅಪ್ಪನ ಎಡಕ್ಕೆ, ಅಜ್ಜನ ಕಾಲಬುಡಕ್ಕೆ.
ಅಲ್ಲಿಯವರೆಗೆ ಪೆಟ್ಟಿಗೆ ಕಾಯುತ್ತದೆ.
ಕಾಯಿತು, ಊರಾಚೆ ಹಿಮದಲ್ಲಿ,
ಅರ್ಧ ಮೈಲಿ ಸಾಲು, ಅದರ ಬೆನ್ನಿಗೆ ಇನ್ನೊಂದು,
ನಡುವೆ ನಾಯಿಗಳು.
ನೆಲ ಏಳಡಿ ಕಲ್ಲಾಗಿತ್ತು.
ಪಿಕಾಸಿ ಹಾಕಿದರೆ ಕಿಡಿ ಹಾರಿತು, ಅಷ್ಟೆ.
ಮಣ್ಣು ಮಾಡಲು ಮಣ್ಣೇ ಒಪ್ಪಲಿಲ್ಲ.

ಕೂಲಿಗಳ ಛತ್ರದಲ್ಲಿ ಗೋಡೆಗೊರಗಿ ಸತ್ತವರು
ಕೂತ ಹಾಗೇ ಮರಗಟ್ಟಿದ್ದರು.
ನಲವತ್ತು ವರ್ಷ ಮರದ ಜೊತೆ ಬಾಳಿದವನು ನಾನು,
ಈ ಮರದ ಜಾತಿ ತಿಳಿಯಲಿಲ್ಲ.
ಯೂ ಹಾಗೇ ಬಂದ. ಮೊಣಕಾಲು ಎದೆಗೆ,
ಒಂದು ಕೈ ಚಹಾದ ಬಟ್ಟಲು ಹಿಡಿದಂತೆ.
ಅವನ ಪೆಟ್ಟಿಗೆಯನ್ನು
ಅಷ್ಟರಲ್ಲಿ ಬೇರೆ ಯಾರಿಗೋ ಮಾರಿದ್ದೆ.
ಹೌದು. ಮಾರಿದ್ದೆ.
ಸೋಯಾ ತುಂಬುವ ಡಬ್ಬವೊಂದನ್ನು ಬಿಚ್ಚಿ
ಚೌಕವಾಗಿ ಹೊಡೆದೆ. ಒಂದು ಬೆರಳೂ ಇರಲಿಲ್ಲ.
ವಿಳಾಸ ಮಾತ್ರ ಮತ್ತೆ ಬರೆದೆ.
ಶಾಯಿ ಕುಂಚದ ತುದಿಯಲ್ಲೇ ಹೆಪ್ಪುಗಟ್ಟುತ್ತಿತ್ತು;
ಬಾಯಲ್ಲಿಟ್ಟು ಕರಗಿಸಿ, ಒಂದೊಂದೇ ಅಕ್ಷರ.

ಪೆಕಿಂಗಿನಿಂದ ತಂತಿ ಬಂತು: ಸುಡಿ.
ದೊರೆ ಒಪ್ಪಿದ್ದಾನೆ ಅಂದರು.
ದೊರೆ ಇನ್ನೂ ಹಾಲುಹಲ್ಲಿನ ಹುಡುಗ.
ಸಿಪಾಯಿಗಳು ನೂರು ನೂರರ ಗುಪ್ಪೆ ಹಾಕಿದರು.
ಅಡಿಯಲ್ಲಿ ಗಾಳಿ ಆಡದಿದ್ದರೆ ಹತ್ತುವುದಿಲ್ಲ ಅಂದೆ,
ಬಡಗಿಯ ಬಾಯಿ, ಸುಮ್ಮನಿರಲಿಲ್ಲ.
ಹೇಳಿದವನನ್ನೇ ಜೋಡಿಸಲು ನಿಲ್ಲಿಸಿದರು.
ಸೀಮೆಎಣ್ಣೆ, ಡಬ್ಬಗಟ್ಟಲೆ.
ತೆಳ್ಳನೆಯವು ಮೊದಲು ಹೊತ್ತಿಕೊಂಡವು, ಚಟಚಟ,
ಹೊಸ ವರ್ಷದ ಪಟಾಕಿ ಅಂತ
ಊರೊಳಗೆ ಮಗುವೊಂದು ಚಪ್ಪಾಳೆ ತಟ್ಟಿತಂತೆ.
ಮೂರು ಬೆರಳಿನವು ನಿಧಾನ ಮಾಡಿದವು.
ಬೂದಿಗೆ ಊರಿಲ್ಲ, ಅಂದರು ಯಾರೋ ಹಿಂದಿನಿಂದ.
ಯಾರೂ ಅಳಲಿಲ್ಲ. ಕಣ್ಣೀರಿಗೂ ಆ ಚಳಿಯಲ್ಲಿ ಧೈರ್ಯ ಬೇಕು.
ಉರಿಯ ಕೆಳಗೆ ನೆಲ ಕರಗಿತು.
ಆ ವರ್ಷ ಮೊದಲ ಸಲ
ಮೂಗಿಗೆ ಕೆಸರಿನ ವಾಸನೆ.

ಏಪ್ರಿಲಿನಲ್ಲಿ ಹಡಗು ಬಿಟ್ಟರು.
ಲಾಯ್‌ಚೌ. ಬಾವಿ ಇತ್ತು.
ಬೋರೆಮರ ಇನ್ನೂ ಚಿಗುರಿರಲಿಲ್ಲ.
ಗಿರಣಿಯವರು ಕೊಟ್ಟದ್ದು ಅಂತ ನನ್ನ ದುಡ್ಡು ಕೊಟ್ಟೆ.
ಯೂನ ಹೆಂಡತಿ ಎರಡು ಸಲ ಎಣಿಸಿದಳು,
ಕೂರಲು ಹೇಳಲಿಲ್ಲ.
ಹೊಗೆ ಯಾವ ಕಡೆ ಹೋಯಿತು, ಅಂದಳು.
ಗಾಳಿಯೇ ಇರಲಿಲ್ಲ ಅವತ್ತು; ನೆಟ್ಟಗೆ ನಿಂತಿತ್ತು.
ದಕ್ಷಿಣಕ್ಕೆ, ಅಂದೆ. ಈ ಕಡೆಗೆ.
ಹಲಗೆ ಎಷ್ಟು ದಪ್ಪ?
ಕೈ ಎತ್ತಿ ತೋರಿಸಿದೆ, ಮೂರು ಬೆರಳು.
ಅವಳು ಆ ಬೆರಳುಗಳನ್ನೇ ನೋಡುತ್ತ ನಿಂತಳು.
ಯಾವಾಗ ಮಡಚಬೇಕೋ
ನನಗೆ ಗೊತ್ತಾಗಲಿಲ್ಲ.