ನಿಲ್ಲಬಾರದ ನೆರಳು

ಹನ್ನೆರಡಕ್ಕೆ ಗಾಳಿ ನಿಂತಿತು ಕಪನೂರಿನಲ್ಲಿ.
ಐದನೇ ಟ್ರಸ್ಸು ನೆಲ ಬಿಟ್ಟಿತು,
ಬಯಲ ಮೇಲೆ ಅದರ ನೆರಳು
ಮೀನಿನ ಮುಳ್ಳಿನ ಹಾಗೆ.

‘ನೆಳ್ಳಾಗ ನಿಂದ್ರಬ್ಯಾಡ್ರಿ!’
ಲಾಡ್ಲೇಮಶಾಕನ ಕೂಗು.
ಕಲಬುರಗಿಯ ಮೇ ತಿಂಗಳಲ್ಲಿ
ಯಾರೂ ಯಾರಿಗೂ ಅನ್ನದ ಮಾತು.

ಬಾಲದ ಹಗ್ಗ ಅವನ ಕೈಯಲ್ಲಿ.
ಸುತ್ತಿಕೊಂಡಿಲ್ಲ, ಬರೀ ಹಿಡಿದಿದ್ದಾನೆ.
ಹಿಂದೊಮ್ಮೆ ಸುತ್ತಿಕೊಂಡಿದ್ದ ಸೇಡಂನಲ್ಲಿ;
ಕಿರುಬೆರಳು ಅಲ್ಲೇ ಉಳಿಯಿತು.

ನಾಯಿಯೊಂದು ನುಸುಳಿತು, ಅಟ್ಟಿದ.
ಮತ್ತೆ ಬಂತು, ಅಟ್ಟಿದ.
ನೀರಿನ ಕೊಡ ಹೊತ್ತ ನನಗೂ
ಅದೇ ಬೈಗುಳ.

ಮೇಲೆ ಬಂಡೆಪ್ಪ ಬೋಲ್ಟು ಬಿಗಿದ,
ಅಡ್ಡಪಟ್ಟಿ ಕಟ್ಟಿದ, ಕೈ ಬೀಸಿದ.
ಆಮೇಲಷ್ಟೇ ಕ್ರೇನಿನ ಕೊಕ್ಕೆ ಸಡಿಲಾಯಿತು.

ಗೇಣಗಲ ನೆರಳಿಗೆ
ಮೊದಲು ನಾಯಿ ಬಂದು ಬಿದ್ದುಕೊಂಡಿತು.
ಮಶಾಕ ಈ ಸಲ ಸುಮ್ಮನಿದ್ದ,
ಹಗ್ಗ ಸುತ್ತಿಟ್ಟು, ನಾಯಿಯ ಪಕ್ಕದಲ್ಲೇ
ರೊಟ್ಟಿಯ ಬುತ್ತಿ ಬಿಚ್ಚಿದ.