ಇಪ್ಪತ್ತಾರನೇ ಸಾಲು

ಉಡುಪಿಯ ಕಚೇರಿಯಿಂದ ಬಂದವರು
ಬೈಕಿನ ಮೀಟರು ಸೊನ್ನೆಗೆ ತಿರುಗಿಸಿಕೊಂಡು
ತೆಂಕುಶಾಲೆಯ ಗೇಟಿನಿಂದ ಬಡಗುಶಾಲೆಯ ಗೇಟಿಗೆ ಹೋಗಿ ಬಂದರು.
ಅರ್ಧ ಕಿಲೋಮೀಟರೂ ಇಲ್ಲ.
ಇಷ್ಟು ಹತ್ತಿರ ಎರಡು ಶಾಲೆ ಯಾಕೆ ಟೀಚರೇ?

ಯಾಕೆಂದರೆ ನಡುವೆ ಹೊಳೆ ಇತ್ತು.
ಈಗಲೂ ಉಂಟು, ಕಾಂಕ್ರೀಟಿನ ಕೆಳಗೆ.
ಮೊದಲು ಸಂಕವೆಂದರೆ ಎರಡು ತೆಂಗಿನ ಕಾಂಡ,
ಹಿಡಿಯಲಿಕ್ಕೊಂದು ಹಗ್ಗ. ಆಟಿಯಲ್ಲಿ ಅದೂ ಇಲ್ಲ.
ದಾಟುವಾಗ ಚಪ್ಪಲಿ ಕಳಕೊಂಡವರುಂಟು,
ಚೀಲ ಕಳಕೊಂಡವರುಂಟು,
ಒಬ್ಬಳು...
ಅದು ಬೇಡ.
ಅದರ ಮರುವರ್ಷವೇ ಆಚೆ ದಡದಲ್ಲಿ
ತಿಮ್ಮಪ್ಪ ಮೆಂಡನ್ನರ ಅಜ್ಜಿ
ಹತ್ತು ಸೆಂಟ್ಸ್ ಜಾಗಕ್ಕೆ ಹೆಬ್ಬೆಟ್ಟು ಒತ್ತಿದ್ದು.

ಸೇತುವೆ ಬೇಕೆಂದು ಬರೆದವಳು ನಾನೇ.
ಚಂದದ ಅಕ್ಷರವೆಂದು ಊರಿನವರು ಹಿಡಿದು ಬರೆಸಿದ್ದು,
ಹದಿನೇಳು ಮನವಿ, ಹದಿನೇಳೂ ನಕಲು ನನ್ನ ಕಪಾಟಿನಲ್ಲಿ.
'ಮಕ್ಕಳ ವಿದ್ಯಾಭ್ಯಾಸದ ಹಿತದೃಷ್ಟಿಯಿಂದ,'
ಎಂದು ಶುರು.
ವಿಲೀನದ ಪತ್ರವೂ ಹಾಗೆಯೇ ಶುರು,
ಅಲ್ಪವಿರಾಮ ಕೂಡ ನಾನಿಟ್ಟಲ್ಲೇ.

ಸಭೆಯಲ್ಲಿ ಮೆಂಡನ್ನರು ಬೋರ್ಡಿನ ಮೇಲೆ ಯಾರ ಊರಿನ ಹೆಸರು ಎಂದು
ಎರಡು ಸಲ ಎದ್ದು ಎರಡು ಸಲ ಕೂತರು.
ನಾನು ಮಕ್ಕಳನ್ನು ಕೇಳಿದೆ.
ನಮ್ಮಲ್ಲಿ ಹನ್ನೊಂದು, ಅಲ್ಲಿ ಹದಿನಾಲ್ಕು.
ನಾಲ್ಕನೇ ಕ್ಲಾಸಿನ ಅನ್ವಿತ್ ಬೆರಳು ಮಡಿಚಿ,
'ಟೀಚರ್, ಕಬಡ್ಡಿಗೆ ಏಳೇಳು ಜನ ಆಗ್ತದೆ!
ಅಂಪೈರಿಗೂ ಜನ ಉಂಟು!'
ಇಷ್ಟು ದಿನ ಐದೈದಾಗಿ ಆಡಿ
ಮಿಕ್ಕ ಒಬ್ಬಳನ್ನು ಗೇರುಮರದಡಿ ಕೂರಿಸುತ್ತಿದ್ದರಂತೆ.
ದಿನಾ ಅದೇ ಒಬ್ಬಳನ್ನು.
ನನ್ನ ಕಿಟಕಿಯಿಂದ ಗೇರುಮರ ಕಾಣುತ್ತದೆ.

ಪತ್ರದ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ:
ಇಪ್ಪತ್ತೈದು ಮಕ್ಕಳವರೆಗೆ ಅಡುಗೆಗೆ ಒಬ್ಬರು,
ಇಪ್ಪತ್ತಾರಾದರೆ ಇಬ್ಬರು.
ಮೂವತ್ತು ವರ್ಷ ಕೂಡಿಸುವುದನ್ನು ಕಲಿಸಿದವಳು
ಹನ್ನೊಂದಕ್ಕೆ ಹದಿನಾಲ್ಕು ನಾಲ್ಕು ಸಲ ಕೂಡಿಸಿದೆ.

ಇಲ್ಲಿ ಸುಗಂಧಿ, ಅಲ್ಲಿ ಸೆವ್ರಿನ್ ಬಾಯಿ.
ಯಾವುದೋ ಸ್ವಾತಂತ್ರ್ಯೋತ್ಸವಕ್ಕೆ ಆಚೆ ಹೋದ ದೊಡ್ಡ ಸೌಟು
ತಿರುಗಿ ಬರಲಿಲ್ಲವೆಂದು ಒಂಬತ್ತು ವರ್ಷ ಮಾತಿಲ್ಲ.
ಮೊನ್ನೆ ಸಂಜೆ ಸೇತುವೆಯ ನಡುಮಧ್ಯೆ ಇಬ್ಬರೂ ನಿಂತಿದ್ದರು,
ಸೌಟು ಸೆವ್ರಿನಳ ಕೈಯಲ್ಲಿ.
'ನೀನೇ ಇರು. ನನಗೇನು, ಬೀಡಿ ಕಟ್ಟಿದರಾಯ್ತು.'
'ನಿನ್ನ ಕಣ್ಣಿಗೆ ಬೀಡಿಯ ನೂಲು ಕಾಣ್ತದಾ?
ನೀನೇ ಇರು.'
ಜಗಳದ ದನಿಯೇ. ಅವರಿಗೆ ಬೇರೆ ದನಿ ರೂಢಿಯಿಲ್ಲ.

ಹಾಗೆ ನಾನು ಮಲ್ಪೆಯ ದಕ್ಕೆಗೆ ಹೋದದ್ದು,
ಒಂದು ಮಗು ಹುಡುಕಲಿಕ್ಕೆ.
ಶೀಟಿನ ಬಿಡಾರದ ನೆರಳಿನಲ್ಲಿ
ಸೀಗಡಿ ಸುಲಿಯುತ್ತ ಕೂತಿತ್ತು ಒಂದು,
ಕೊಪ್ಪಳದ ಕಡೆಯದ್ದು, ಹುಲಿಗೆವ್ವ.
ಅದರ ತಾಯಿ ಬುಟ್ಟಿ ಇಳಿಸದೆಯೇ ಹೇಳಿದಳು:
'ಬೋಟ್ ನಿಂತ ಮ್ಯಾಲ ನಮಗಿಲ್ಲೇನ್ ಕೆಲಸರೀ,
ಊರಿಗ್ ಹೋಗಿ ಶ್ರಾವಣಕ್ ಬರ್ತೀವ್ರಿ.
ಬಂದ್ರ ಬಂದ್ವಿ.'
ಬೋಟು ನಿಲ್ಲುವುದು ಜೂನ್ ಒಂದಕ್ಕೆ.
ಶಾಲೆ ತೆರೆಯುವುದೂ ಅದೇ ವಾರ.

'ಅಲ್ಲಿ ಊಟಾ ಕೊಡ್ತಾರೇನ್ರಿ?' ಎಂದಿತು ಮಗು.
'ಕೊಡ್ತಾರೆ.'
'ತತ್ತಿ?'
'ಅದೂ ಉಂಟು.'
ಎಷ್ಟು ವರ್ಷ ನಿನಗೆ ಎಂದರೆ
ಒದ್ದೆ ಬೆರಳು ಆರು ಎತ್ತಿತು,
ಅಮ್ಮನ ಮುಖ ನೋಡಿ
ಇನ್ನೊಂದು ಎತ್ತಿತು.

ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ.
ರಬ್ಬರು ಮೇಜಿನ ಮೇಲೆಯೇ ಉಂಟು,
ಪುಟಕ್ಕೆ ಸ್ವಲ್ಪ ಸೀಗಡಿಯ ವಾಸನೆ.