ಆಡಿಟ್ ಆಕ್ಷೇಪಣೆಗೆ ಸಮಜಾಯಿಷಿ

ಮಾನ್ಯರೇ,
ನ್ಯಾಫ್ತಲೀನ್ ಐನೂರು ಗ್ರಾಂ ಬಂದದ್ದು ನಿಜ.
ಬಳಸಿದ್ದು ಸೊನ್ನೆ ಎಂದು ಬರೆದ ಕೈ ನನ್ನದೇ.
ಉಳಿದದ್ದು ಮುನ್ನೂರ ಹತ್ತು.
ತೂಗಿದವರು ತಾವು,
ತಕ್ಕಡಿಯ ಗಾಜಿನ ಬಾಗಿಲು ಹಾಕಿ, ಉಸಿರು ಹಿಡಿದು.

ಕದ್ದವರು ಯಾರು ಎಂದು ಕೇಳಿದ್ದೀರಿ.

ಪೊನ್ನಂಪೇಟೆಯ ಈ ಲ್ಯಾಬಿನಲ್ಲಿ
ಇಪ್ಪತ್ತೆರಡು ವರ್ಷ ಪ್ರನಾಳ ತೊಳೆದಿದ್ದೇನೆ.
ಪಾಠ ನನಗೆಂದು ಯಾರೂ ಮಾಡಿದ್ದಲ್ಲ;
ಬೀರುವಿನ ಹಿಂದೆ ನಿಂತವನ ಕಿವಿಗೂ
ವರ್ಷಕ್ಕೊಮ್ಮೆ ಅದೇ ವಾಕ್ಯ ಬೀಳುತ್ತದೆ:
ಕೊಟ್ಟು ಕಟ್ಟಿಕೊಳ್ಳುವ ಬಂಧ ಒಂದು,
ಹಂಚಿಕೊಂಡು ಇರುವ ಬಂಧ ಇನ್ನೊಂದು.

ಉಪ್ಪು ಮೊದಲನೆಯ ಜಾತಿ.
ಒಬ್ಬ ಕೊಟ್ಟ, ಒಬ್ಬ ಇಸಕೊಂಡ,
ಆಮೇಲೆ ಊರಿಗೆ ಊರೇ ಬಿಗಿದುಕೊಂಡು ಕೂತಿತು.
ಎಂಟುನೂರು ಡಿಗ್ರಿ ಏರುವ ತನಕ
ಜಪ್ಪಯ್ಯ ಅಂದರೂ ಕರಗುವುದಿಲ್ಲ.
ಆದರೆ ನೀರಲ್ಲಿ ಬಿಡಿ, ಬಲ್ಬು ಹತ್ತುತ್ತದೆ.
ಸಕ್ಕರೆ ನೀರಲ್ಲಿ ಹತ್ತುವುದಿಲ್ಲ.
ಹದಿನಾಲ್ಕನೇ ಪುಟದಲ್ಲಿ ತಾವು ಕೆಂಪು ಶಾಯಿಯಲ್ಲಿ
‘ಬಲ್ಬು ಕೆಟ್ಟಿದೆ’ ಎಂದು ಬರೆದಿರಿ.
ಕೆಟ್ಟಿರಲಿಲ್ಲ.
ಆ ದಿನ ಸಕ್ಕರೆಯ ಸರದಿ.

ನುಸಿಗುಳಿಗೆ ಎರಡನೆಯ ಜಾತಿ.
ಹತ್ತು ಕಾರ್ಬನ್, ಎಂಟು ಹೈಡ್ರೋಜನ್,
ಕಕ್ಕಡ ಹದಿನೆಂಟರ ಮದ್ದ್‌ತೊಪ್ಪಿನಂತೆ ಎಣಿಸಿ ಕೂಡಿಸಿದ್ದು.
ಒಳಗೊಳಗೆ ಬಿಡಿಸಲಾಗದ ಹೆಣಿಗೆ,
ಪಕ್ಕದ ಅಣುವಿಗೆ ಮಾತ್ರ
ಸಂತೆಯಲ್ಲಿ ಸಿಕ್ಕ ನೆಂಟರ ಹಾಗೆ
ಬೆರಳು ತಾಗಿಸಿ ನಿಂತಿರುತ್ತದೆ.
ಕಿಟಕಿಯಲ್ಲಿ ತುಸು ಬಿಸಿಲು ಬಂದರೆ ಸಾಕು,
ಬರ್ತೇನೆ ಅಂತ ಹೊರಟುಬಿಡುತ್ತದೆ
ನೀರಾಗದೆ, ಸೀದಾ ಗಾಳಿಗೆ,
ಮುಚ್ಚಳದ ಸಂದಿಯಿಂದ.
ಒಳಗಿನ ಗಂಟು ಒಂದೂ ಬಿಚ್ಚಿಲ್ಲ, ಸಾರ್.
ತಮ್ಮ ಮೂಗಿಗೆ ಬಡಿದಾಗಲೂ
ಹದಿನೆಂಟೂ ಜನ ಜೊತೆಯಲ್ಲೇ ಇದ್ದರು.

ಇನ್ನು ಕೀಲಿಕೈ.
ಒಂದೇ ಕೀಲಿ ಎರಡು ರಿಜಿಸ್ಟರಿನಲ್ಲಿ ಯಾಕೆ?
ನಮಗೂ ಭೌತಶಾಸ್ತ್ರದವರಿಗೂ ಹೊರಬಾಗಿಲು ಒಂದೇ;
ನಡುಗೋಡೆಯ ಮೊಳೆಯಲ್ಲಿ ಅದು ತೂಗುತ್ತದೆ.
ಅತ್ತ ಏಲಿಕುಟ್ಟಿ, ಇತ್ತ ನಾನು.
ಅವಳು ಕೊಟ್ಟದ್ದಲ್ಲ, ನಾನು ಕಸಿದದ್ದಲ್ಲ.
ಅವಳು ಎಣಿಸಿದಾಗ ಅವಳಿಗೆ ಪೂರ್ತಿ ಒಂದು,
ನಾನು ಎಣಿಸಿದಾಗ ನನಗೆ ಪೂರ್ತಿ ಒಂದು.
ಕೂಡಿಸಿದರೆ ಎರಡಾಗಬೇಕಲ್ಲ ಎಂದು
ತಾವು ಪ್ರಶ್ನೆಯ ಕೊಕ್ಕೆ ಹಾಕಿದ್ದೀರಿ.
ಪಠ್ಯಪುಸ್ತಕದ ಲೆಕ್ಕವೂ ಹೀಗೇ:
ಈ ಕ್ಲೋರಿನ್ ಸುತ್ತ ಎಂಟು, ಆ ಕ್ಲೋರಿನ್ ಸುತ್ತ ಎಂಟು,
ಒಟ್ಟು ಮಾತ್ರ ಹದಿನಾಲ್ಕು.
ಅಲ್ಲಿ ಯಾರೂ ಆಕ್ಷೇಪಣೆ ಎತ್ತಿಲ್ಲ.

ಒಂದು ವಿಷಯ ಬರೆಯದೆ ಸಹಿ ಹಾಕಲಾರೆ.
ಕಳೆದ ನೂರತೊಂಬತ್ತರಲ್ಲಿ ಹದಿನಾರು ಗ್ರಾಂ,
ಎಣಿಸಿ ನಾಲ್ಕು ಗುಳಿಗೆ,
ನಾನೇ ಜೇಬಿಗೆ ಹಾಕಿದ್ದು.
ಅಪ್ಪನ ಕರೀ ಕುಪ್ಯ ಪೆಟ್ಟಿಗೆಯಲ್ಲಿತ್ತು,
ಕಾಲರಿಗೆ ಹುಳ ಹತ್ತಿತ್ತು,
ತಂಗಿಯ ಮಗನ ಮದುವೆ ಮುಂದಿತ್ತು.
ತಮ್ಮ ಪತ್ರ ಬಂದ ಸಂಜೆ, ವಾಪಸು ಇಡೋಣವೆಂದು
ಪೆಟ್ಟಿಗೆ ತೆರೆದೆ.
ನಾಲ್ಕೂ ಇಲ್ಲ.
ಕಾಗದದ ಪೊಟ್ಟಣ ಮಡಿಸಿದ ಹಾಗೇ ಇದೆ,
ಕುಪ್ಯದ ತೋಳಿನಲ್ಲಿ ವಾಸನೆ ಇದೆ.
ಅದನ್ನು ತೂಗುವ ತಕ್ಕಡಿ
ಇಲಾಖೆ ಇನ್ನೂ ಕೊಟ್ಟಿಲ್ಲ.

ಹದಿನಾರರ ಬೆಲೆ ನನ್ನ ಸಂಬಳದಲ್ಲಿ ಹಿಡಿಯಿರಿ.
ಉಳಿದ ನೂರ ಎಪ್ಪತ್ನಾಲ್ಕನ್ನು
ದಯವಿಟ್ಟು
ಪೊನ್ನಂಪೇಟೆಯ ಗಾಳಿಯ ಹೆಸರಿಗೆ ಬರೆದುಕೊಳ್ಳಿ.

ಇಂತಿ ತಮ್ಮ ವಿಧೇಯ,
ಪೆಮ್ಮಯ್ಯ, ಅಟೆಂಡರ್.

ವಿ.ಸೂ.: ಕೀಲಿ ಈ ಹೊತ್ತು ಮೊಳೆಯಲ್ಲಿಲ್ಲ.
ಏಲಿಕುಟ್ಟಿಯನ್ನು ಕೇಳಿ.
ಅವಳು ನನ್ನನ್ನು ಕೇಳಿ ಅಂದರೆ
ಗಾಬರಿಯಾಗಬೇಡಿ.